ಬಂದೂಕಾದ ಚಕ್ಕುಲಿ ಒರಳು

ಹಿತ್ತಾಳೆಯ ಚಕ್ಕುಲಿ ಒರಳನ್ನು ರಿಪೇರಿ ಮಾಡಿಸಿಕೊಂಡು ಬರುವಾಗ ಅಕ್ಕಿಹಿಟ್ಟಿಗೆಂದು ನಮ್ಮ ಬೋಪಾಲ್ ಬಡಾವಣೆಯ ಮಾಲ್ ಒಂದಕ್ಕೆ ಹೋಗಿದ್ದೆ. ಬಾಗಿಲ ಬಳಿ ಚೀಲ ನೋಡುವ ಸ್ಕ್ಯಾನರ್ ಕೆಂಪು ದೀಪ ಹಚ್ಚಿತು. ಆಕಾರ ನೋಡಿಯೇ ವಸ್ತುವನ್ನು ಗುರುತಿಸುವ ಜಾಣ ಯಂತ್ರವಂತೆ ಅದು! ಒರಳನ್ನು ತೆಗೆದು ಕಾವಲುಗಾರನ ಕೈಗೇ ಕೊಟ್ಟೆ.

"ನಮ್ಮನೇಲೂ ಇದೆ ಬೆನ್, ಸೇವ್ ಒತ್ತೋದು," ಎಂದ, ಗುಜರಾತಿಯಲ್ಲಿ ಅಕ್ಕಾ ಎಂದು ಕರೆದು. "ಆದ್ರೆ ಮಶೀನ್ ಬಂದೂಕು ಅಂತಿದೆಯಲ್ಲ!"

ಹಲ್ಲು ಬಂದಾಗಿನಿಂದ ಸೇವ್ ತಿಂದು ಬೆಳೆದ ಮಹಾಶಯನಿಗೆ ಕೈಯಲ್ಲಿದ್ದ ಒರಳು ಸುಳ್ಳು, ಪರದೆಯ ಮೇಲಿನ ನೆರಳು ನಿಜ. ಮಾತಾಡಿ ದಂಡ ಎಂದುಕೊಂಡು ಒರಳಿನ ಹಿಡಿಯನ್ನು ತಿರುಗಿಸಿ ಬಿಚ್ಚಿ, ಎರಡನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ ಮತ್ತೆ ಕಳಿಸಿದೆ. ಹಸಿರು ದೀಪ ಹೊತ್ತಿತು. ಒಳಗೆ ಹೋಗಿ, ಅವನೆದುರೇ ನಿಂತು ಒರಳನ್ನು ಮತ್ತೆ ಜೋಡಿಸಿದೆ. ಮಹಾಶಯ ಪರದೆಯಿಂದ ಕಣ್ಣು ತೆಗೆಯಲಿಲ್ಲ.