ಬಗ್ಗಿ ಬರಬೇಕಾದ ಬಾಗಿಲು

ನಾನು ಚಿಕ್ಕವನಿದ್ದಾಗ ನನ್ನ ನಾಲಿಗೆಗೆ ಲಗಾಮು ಇರಲಿಲ್ಲ. ಅದರಿಂದಾಗಿ ಪಕ್ಕದ ಮನೆಯ ಬಾಗಿಲು ಮುರಿಯಿತು, ಅಪ್ಪನ ಮುಂದಿನ ಹಲ್ಲೂ ಮುರಿಯಿತು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ ಮಕ್ಕಳೇ. ನಿಮ್ಮ ಅಜ್ಜಿ, ಅಂದರೆ ನನ್ನ ಅಕ್ಕನ ಬಾಯಲ್ಲಿ ಈ ಕಥೆ ಕೇಳಿದರೆ ನಾನು ಇನ್ನೂ ದೊಡ್ಡ ಕತ್ತೆಯಾಗಿ ಕಾಣುತ್ತೇನೆ.

ಎಂಬತ್ತರ ದಶಕ. ಆಗ ನಾವು ಅಮೆರಿಕದ ಮೌಂಟನ್ ವ್ಯೂನಲ್ಲಿದ್ದೆವು. ನಮ್ಮ ಅಪಾರ್ಟ್‌ಮೆಂಟಿನ ಬೇಲಿಯಾಚೆ ಸೇವಂತಿಗೆ ಬೆಳೆಯುವ ಜಪಾನಿ ಅಜ್ಜನ ಮನೆ. ಅಜ್ಜನ ಹಿರಿಯರು ಸಮುರಾಯಿಗಳು, ಅಂದರೆ ದೊರೆಯ ಕಾವಲಿಗಿದ್ದ ಕತ್ತಿಯ ಯೋಧರು. ಜಪಾನಿನಲ್ಲಿ ಆ ಹಿರಿಯರ ಊರಿನ ಕೋಟೆ ಸುಟ್ಟುಹೋದರೂ ಯೋಧರ ಕೇರಿಯ ಕೆಲವು ಮನೆಗಳೂ ಹೆಬ್ಬಾಗಿಲುಗಳೂ ಉಳಿದಿದ್ದವಂತೆ. ಒಂದು ಕಂಬದಲ್ಲಿ ಕತ್ತಿಯೇಟಿನ ಗುರುತು ಇನ್ನೂ ಇತ್ತಂತೆ. ಅದನ್ನು ನೋಡಿ ಬಂದ ಅಜ್ಜ ಅಂಥದೇ ಹೆಬ್ಬಾಗಿಲನ್ನು ತಮ್ಮ ಮನೆಯ ಮುಂದೆ ಕಟ್ಟಿಸಿದ್ದರು. ಮೇಲೆ ಕಪ್ಪು ಹೆಂಚು, ಮಗ್ಗುಲಲ್ಲಿ ನನ್ನೆತ್ತರದ ಪುಟ್ಟ ಬಾಗಿಲು. ದೊಡ್ಡದು ದೊರೆಗೆ ಮಾತ್ರ. ಉಳಿದವರೆಲ್ಲ ಪುಟ್ಟದರಲ್ಲಿ ತಲೆ ಬಗ್ಗಿಸಿ ಬರಬೇಕು. ಬಗ್ಗಿಕೊಂಡು ನುಗ್ಗುವವನಿಗೆ ಕತ್ತಿ ಎತ್ತಲು ಆಗುವುದಿಲ್ಲವಲ್ಲ!

ನನಗಿದ್ದ ಒಂದೇ ವಿದ್ಯೆ ಬೇರೆಯವರ ದನಿ ಕದಿಯುವುದು. ಆಫೀಸಿನ ಫೋನು ಬಂದರೆ ಮೂಗಿನಲ್ಲಿ ಇಂಗ್ಲಿಷ್ ಮಾತಾಡುವ ಅಪ್ಪ, ಕೂದಲಿಗೆ ಸ್ಪ್ರೇ ಹೊಡೆದುಕೊಂಡು ಕೆಮ್ಮುವ ಅಕ್ಕ, ಎಲ್ಲರನ್ನೂ ಆಡಿ ತೋರಿಸುತ್ತಿದ್ದೆ. ಒಮ್ಮೆ ನನ್ನನ್ನೇ ಆಡಿ ತೋರಿಸಿದೆ. "ಕೋತಿ ತುಂಬಾ ಚೆನ್ನಾಗಿ ಬಂತು ಕಣೋ," ಎಂದಳು ಅಕ್ಕ.

ಬೀದಿಯ ಕೊನೆಯಲ್ಲಿ ಅಣ್ಣತಮ್ಮಂದಿರಿಬ್ಬರಿದ್ದರು. ಜಪಾನಿ ಕಾರುಗಳಿಂದಲೇ ತಮ್ಮ ಕಾರ್ಖಾನೆಯ ಕೆಲಸ ಹೋಯಿತೆಂದು ಕುದಿಯುತ್ತಿದ್ದರು. ಒಂದು ಮಧ್ಯಾಹ್ನ ಅವರನ್ನು ನಗಿಸಲು ಹೋಗಿ, ಅಜ್ಜನ ಒರಟು ದನಿಯಲ್ಲಿ, "ನನ್ನ ಬಾಗಿಲು ಮುರಿಯೋ ಗಂಡಸು ಅಮೆರಿಕದಲ್ಲಿ ಹುಟ್ಟೇ ಇಲ್ಲ!" ಎಂದುಬಿಟ್ಟೆ. ಅವರು ನಗಲಿಲ್ಲ. "ಮುದುಕ ಹೀಗಂದನಾ?" ಎಂದ ದೊಡ್ಡವನು. ಅಷ್ಟು ಗಮನ ಕೊಟ್ಟು ನನ್ನನ್ನು ಯಾರೂ ಕೇಳಿರಲಿಲ್ಲ. "ಹೂಂ," ಎಂದೆ.

ಸಂಜೆ ಅವರು ಬಂದರು, ಕೈಯಲ್ಲಿ ಕಲ್ಲು ಒಡೆಯುವ ಸುತ್ತಿಗೆ. ಮೊದಲ ಏಟಿಗೆ ಹೆಂಚುಗಳು ಉದುರಿದವು. ಎರಡನೆಯದಕ್ಕೆ ಹಲಗೆ ಸೀಳಿತು. ಮರದ ಘಮಲು, ಬಿಯರಿನ ನಾತ, ಬೈಗುಳ, ಎಲ್ಲ ಒಟ್ಟಿಗೆ ಮೂಗಿಗೆ ಕಿವಿಗೆ ನುಗ್ಗಿತು. ತಮ್ಮನೆಸೆದ ಇಟ್ಟಿಗೆಗೆ ಸೇವಂತಿಗೆಯ ಗಾಜಿನ ಮನೆ ಪುಡಿಯಾಯಿತು. ಒಳಗೆ ಅಜ್ಜ ಒಬ್ಬರೇ. ಅವರನ್ನು ಕೊಂದೇಬಿಡುತ್ತಾರೆಂದು ನಾನು ಅಪ್ಪನನ್ನು ಕೂಗಿದೆ.

ಅಪ್ಪ ಬರಿಗಾಲಲ್ಲಿ ಓಡಿದರು. "ಜಂಟಲ್‌ಮೆನ್, ಪ್ಲೀಸ್" ಎನ್ನುವಷ್ಟರಲ್ಲಿ ಮುಖಕ್ಕೆ ಗುದ್ದು ಬಿತ್ತು. ಬಿಳಿ ಅಂಗಿಯ ಮೇಲೆಲ್ಲ ರಕ್ತ. ಬಿದ್ದವರ ಪಕ್ಕೆಗೆ ತಮ್ಮ ಒದೆಯುತ್ತಲೇ ಇದ್ದ. ನಾನು ಹೋಗಿ ಅವನ ತೊಡೆ ಕಚ್ಚಿದೆ. ಅವನು ಕೊಡವಿದ ರಭಸಕ್ಕೆ ಬೇಲಿಗೆ ಬಡಿದು ಬಿದ್ದೆ.

ದೊಡ್ಡ ಬಾಗಿಲು ಸೀಳಿದರೂ ಬೀಳಲಿಲ್ಲ. ರೇಗಿದ ಅಣ್ಣ ಪುಟ್ಟ ಬಾಗಿಲನ್ನು ಒದ್ದು ಮುರಿದು, ಬಗ್ಗಿ ತಲೆ ತೂರಿಸಿದ. ಸುತ್ತಿಗೆ ಚೌಕಟ್ಟಿಗೆ ಸಿಕ್ಕಿಕೊಂಡಿತು. ಒಳಗಿದ್ದ ಅಜ್ಜ ಸಲಿಕೆಯ ಚಪ್ಪಟೆ ಬದಿಯಿಂದ ಅವನ ಭುಜಕ್ಕೆ ಬೀಸಿದರು. ಮೂಳೆ ಮುರಿದ ಸದ್ದು ನನಗೆ ಬೇಲಿಯ ಹತ್ತಿರಕ್ಕೂ ಕೇಳಿಸಿತು. ಅವನು ಹೊಸಿಲ ಮೇಲೆ ಬಿದ್ದು ಕಿರುಚಿದ, ತಮ್ಮ ಕಾಲ್ತೆಗೆದ. ಅಕ್ಕ ಫೋನು ಮಾಡಿ ಕರೆಸಿದ್ದ ಪೊಲೀಸರು ಓಡುತ್ತಿದ್ದವನನ್ನೂ ಹಿಡಿದು ಇಬ್ಬರನ್ನೂ ಒಯ್ದರು.

ಅಪ್ಪನ ಬಾಯಿಗೆ ಮಂಜುಗಡ್ಡೆ ಒತ್ತುತ್ತಾ ಅಕ್ಕ ನನ್ನತ್ತ ತಿರುಗಿದಳು. "ನೀನೇ ಏನೋ ಕಿತಾಪತಿ ಮಾಡಿದೀಯ, ಅಲ್ವೇನೋ?" ಎಲ್ಲ ಹೇಳಿದೆ. ಅಪ್ಪ ಬಾತುಹೋದ ತುಟಿಯಲ್ಲೇ, "ಹೋಗಿ ಅಜ್ಜನಿಗೆ ಹೇಳು," ಎಂದರು.

ಈಗ ನಿಮ್ಮ ಬಾಗಿಲಿಗೆ ಕ್ಯಾಮೆರಾ ಇದೆ. ಯಾರು ಬಂದರೂ ಸೋಫಾದಿಂದ ಏಳದೆ ನೋಡುತ್ತೀರಿ. ತಪ್ಪು ಮಾಡಿದರೆ ಅಳುವ ಮುಖದ ಚಿತ್ರವೊಂದನ್ನು ಒತ್ತಿ ಕಳಿಸಿ 'ಸಾರಿ' ಮುಗಿಸುತ್ತೀರಿ. ನನಗೆ ಆ ಅನುಕೂಲ ಇರಲಿಲ್ಲ. ಗಾಜಿನ ಚೂರು ತುಳಿಯುತ್ತಾ ಹೋಗಿ, ನನ್ನದೇ ಕೀರಲು ದನಿಯಲ್ಲಿ, "ನೀವು ಆಡದ ಮಾತನ್ನ ನಿಮ್ಮ ದನಿಯಲ್ಲಿ ನಾನೇ ಆಡಿದೆ. ಕ್ಷಮಿಸ್ತೀರಾ?" ಎಂದೆ. ಅಜ್ಜ ಒಡೆದ ಹೆಂಚುಗಳನ್ನು ಆಯುತ್ತಿದ್ದರು. ತಲೆ ಎತ್ತದೆ ಅಂದರು:

"ನನ್ನ ದನಿ ಹೇಗೂ ನಿನ್ನ ಹತ್ತಿರಾನೇ ಇದೆಯಲ್ಲ. ಕ್ಷಮಿಸಿದೀನಿ ಅಂತ ನೀನೇ ಹೇಳ್ಕೋ."