ಸೊಸೆಯಂದಿರ ಕನ್ನಡ ಕ್ಲಾಸು

ಮುಂಬಯಿಯ ಪರೇಲಿನ ನಮ್ಮ ಚಾಳಿನಲ್ಲಿ, ಹಬ್ಬಕ್ಕೆ ಗಣಪತಿ ಕೂರಿಸುವ ಗಣಪತಿ ಖೋಲಿಯಲ್ಲಿ ನಡೆಯುತ್ತಿದ್ದ ಕನ್ನಡ ಕ್ಲಾಸು ನಿಂತುಹೋದದ್ದು ಸುಣ್ಣ ಹೊಡೆಸಬೇಕಾಗಿತ್ತು ಅಂತ ಇವತ್ತಿಗೂ ಹೇಳುವವರಿದ್ದಾರೆ. ಸುಣ್ಣವನ್ನು ಯಾರೂ ಹೊಡೆಸಲಿಲ್ಲ. ಸೊಸೆಯಂದಿರಿಗೆ ಕನ್ನಡ ತಿಳಿಯತೊಡಗಿತು, ಅತ್ತೆಯಂದಿರ ಬಾಯಿ ಕಟ್ಟಿತು. ನಡೆದದ್ದು ಇಷ್ಟೇ.

ಇದೆಲ್ಲ ಈಗ ನೆನಪಾದದ್ದು ಮೊಮ್ಮಗಳು ಶೈಲಾ ತಂದಿಟ್ಟ ಹೊಸ ಪುಸ್ತಕದಿಂದ. ಕನ್ನಡ ಬಾರದವರಿಗೆ ಕನ್ನಡ ಕಲಿಸುವ ಪುಸ್ತಕ, ತಿದ್ದಿ ಅಚ್ಚಿಗೆ ಕೊಟ್ಟವಳು ಅವಳೇ. ಅಂಟಿನ ವಾಸನೆ ಇನ್ನೂ ಹೋಗಿಲ್ಲ. ಅದರ ಒಂದು ಪಾಠದಲ್ಲಿ ಅತ್ತೆ, "ಬಾ ಮಗಳೇ, ದಣಿದಿದ್ದೀಯ, ಕುಳಿತುಕೋ" ಅನ್ನುತ್ತಾಳೆ. ಸೊಸೆ, "ಪರವಾಗಿಲ್ಲ ಅತ್ತೆ, ನೀವು ವಿಶ್ರಾಂತಿ ತೆಗೆದುಕೊಳ್ಳಿ" ಅನ್ನುತ್ತಾಳೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಪುಸ್ತಕದ ವಿಚಾರದಲ್ಲಿ ಬಾಯಿ ಹಾಕಬಾರದು. ಆದರೂ ಈ ಅತ್ತೆ ಸೊಸೆ ಯಾವ ಊರಿನವರೋ ನನಗೆ ತಿಳಿಯಲಿಲ್ಲ. ಶೈಲಾ ಕಲಿಸಲು ಶುರುಮಾಡಿದ್ದು ಬೇರೆ ಥರದ ಅತ್ತೆಯರಿಂದ.

ಗಿರಣಿಗಳಲ್ಲಿ ಪಾಳಿಗೆ ಕೂಗುವ ಭೋಂಗಾ ಒಂದೊಂದಾಗಿ ಸುಮ್ಮನಾಗಿ, ಚಾಳಿನವರು ಗಡಿಯಾರ ನೋಡಿ ಏಳುವುದನ್ನು ಕಲಿಯುತ್ತಿದ್ದ ಕಾಲ ಅದು. ಶೈಲಾ ಹುಬ್ಬಳ್ಳಿಯಲ್ಲಿರುವ ನನ್ನ ಹಿರಿ ಮಗನ ಮಗಳು. ಬಿ.ಎ. ಮುಗಿಸಿ, ಮುಂಬಯಿಯಲ್ಲೇ ಓದಬೇಕೆಂದು ಹಟ ಹಿಡಿದು ಬಂದಳು. ಓದಿನ ಹೆಸರು ಅನ್ವಯಿಕ ಭಾಷಾವಿಜ್ಞಾನ. ಆ ಹೆಸರನ್ನು ನಾನು ಒಂದು ವಾರ ಬಾಯಿಪಾಠ ಮಾಡಿದೆ, ಎಂಟನೆಯ ದಿನ ಮರೆತೆ. ನಳದ ಹತ್ತಿರ ಯಾರಾದರೂ ಕೇಳಿದರೆ "ಭಾಷೆಯ ಡಾಕ್ಟರಿಕೆ" ಅಂದುಬಿಡುತ್ತಿದ್ದೆ. ಡಾಕ್ಟರಿಕೆ ಅಂದಮೇಲೆ ಯಾರೂ ಮುಂದೆ ಕೇಳುವುದಿಲ್ಲ, ಬೇಕಾದರೆ ಮೊಣಕಾಲು ತೋರಿಸುತ್ತಾರೆ.

ಆ ಓದು ಮುಗಿದರೆ ಎರಡು ದಾರಿಯಂತೆ: ಬೇರೆ ಮಾತಿನವರಿಗೆ ಭಾಷೆ ಕಲಿಸುವುದು, ಇಲ್ಲವೇ ಪಠ್ಯಪುಸ್ತಕಗಳನ್ನು ತಿದ್ದುವುದು. ಅಂಧೇರಿಯಲ್ಲಿ ಶಾಲಾಪುಸ್ತಕ ಮಾಡುವ ಒಂದು ಆಫೀಸಿನವರು, ಸರ್ಟಿಫಿಕೇಟು ತಂದರೆ ಕೆಲಸ ಕೊಡುತ್ತೇವೆ ಅಂದಿದ್ದರು. ಅವಳ ಅಪ್ಪ ಮಾತ್ರ, ಬಾಯಿ ಇದ್ದವರೆಲ್ಲ ಪುಕ್ಕಟೆ ಮಾಡುವ ಕೆಲಸವನ್ನು ಫೀಸು ಕಟ್ಟಿ ಕಲಿಯುವುದೇನು ಅಂತ ಕೆಳಗಿನ ಕಿರಾಣಿ ಅಂಗಡಿಗೆ ಫೋನು ಮಾಡಿ ಬೈಯುತ್ತಿದ್ದ. ಬೆಳಗಾವಿಯ ಅಡತಿ ಅಂಗಡಿಯವರ ಮಗನೊಬ್ಬನನ್ನು ನೋಡಿಟ್ಟಿದ್ದ. ಸರ್ಟಿಫಿಕೇಟು ಬಂದರೆ ಅಂಧೇರಿ, ಬರದಿದ್ದರೆ ಬೆಳಗಾವಿ. ಹುಡುಗ ಕೆಟ್ಟವನೇನಲ್ಲ, ಫೋಟೋ ನೋಡಿದ್ದೆ. ಆದರೆ ಅವನ ತಾಯಿ, ಹುಡುಗಿ ಇಷ್ಟು ಓದಿದ್ದು ಸಾಕು ಅಂತ ಮೊದಲೇ ಹೇಳಿ ಕಳಿಸಿದ್ದಳು.

ಆ ಸರ್ಟಿಫಿಕೇಟು ಬರಬೇಕಾದರೆ ಶೈಲಾ ನಿಜವಾದ ಮಂದಿಗೆ ನಿಜವಾಗಿ ಪಾಠ ಮಾಡಬೇಕು, ಅವಳ ಮೇಡಮ್ಮು ಬಂದು ಒಂದು ಕ್ಲಾಸು ನೋಡಬೇಕು. ವಿದ್ಯಾರ್ಥಿಗಳನ್ನು ಹುಡುಕಿ ಕೊಟ್ಟವಳು ನಾನು. ಕಷ್ಟವಾಗಲಿಲ್ಲ. ನಮ್ಮ ಹುಡುಗರು ಅಷ್ಟು ಹೊತ್ತಿಗೆ ಲೋಕಲ್ ಗಾಡಿಯಲ್ಲಿ, ಆಫೀಸಿನಲ್ಲಿ ಕಂಡ ಹುಡುಗಿಯರನ್ನೇ ಮದುವೆಯಾಗತೊಡಗಿದ್ದರು. ನನ್ನ ಕಿರಿ ಮಗ ದಾದರಿನಿಂದ ಮರಾಠಿ ಹುಡುಗಿ ಅಲ್ಕಾಳನ್ನು ತಂದಿದ್ದ. ಪಕ್ಕದ ಖೋಲಿಯ ಗಂಗಕ್ಕ ವಿಜಾಪುರದವಳು, ಅವಳ ಸೊಸೆ ಹನ್ಸಾ ಗುಜರಾತಿ. ಇಂಥ ಆರು ಸೊಸೆಯಂದಿರು ಸಿಕ್ಕರು. ಕಲಿತರೆ ಮೊಮ್ಮಕ್ಕಳ ಬಾಯಲ್ಲಿ ಕನ್ನಡ ಉಳಿಯುತ್ತದೆ ಅಂತ ಅತ್ತೆಯಂದಿರೇ ಮುಂದೆ ನಿಂತು ಕಳಿಸಿದರು. ಗಂಗಕ್ಕನ ಗಂಡ ಚಾಳ ಕಮಿಟಿಯ ಸೆಕ್ರೆಟರಿ, ಗಣಪತಿ ಖೋಲಿಯ ಕೀಲಿ ಕೊಟ್ಟರು. ಕಲಿಯಲಿ ಅಂದೆವು. ಎಷ್ಟು ಕಲಿಯಲಿ ಅನ್ನುವುದನ್ನು ನಾವು ಯಾರೂ ಯೋಚನೆ ಮಾಡಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಚಾಳಿನ ಸಂಸಾರ ನಿಮಗೆ ಗೊತ್ತಿರಬಹುದು. ಹತ್ತು ಅಡಿಯ ಖೋಲಿ, ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಸೊಸೆಯ ಬಗ್ಗೆ ಮಾತಾಡಬೇಕೆಂದರೆ ಬೇರೆ ಕೋಣೆ ಎಲ್ಲಿಂದ ತರುವುದು? ನಮಗೆ ಕನ್ನಡವೇ ಬೇರೆ ಕೋಣೆ. ಸೊಸೆ ಎದುರಿಗೇ ಕೂತು ಬೆಂಡೆಕಾಯಿ ಹೆಚ್ಚುತ್ತಿರುವಾಗ, ಗಂಗಕ್ಕ ಮತ್ತು ನಾನು ಅವಳ ತವರನ್ನು, ಕೈಗುಣವನ್ನು, ನಡಿಗೆಯನ್ನು ಸಾವಕಾಶವಾಗಿ ತೂಗಿ ನೋಡುತ್ತಿದ್ದೆವು. ಅದಕ್ಕೊಂದು ರೀತಿಯಿತ್ತು. ದನಿ ಏರಿಸಬಾರದು, ಸೊಸೆಯ ಕಡೆ ನೋಡಬಾರದು, ತರಕಾರಿ ರೇಟು ಹೇಳುವವರ ಹಾಗೆ ಹೇಳಬೇಕು. ನಡುವೆ ಅವಳು ಕತ್ತೆತ್ತಿದರೆ ಮುಗುಳ್ನಗಬೇಕು. ಗಂಗಕ್ಕ ಇದರಲ್ಲಿ ಪಳಗಿದವಳು. ನಾನು ಅವಳಿಗಿಂತ ಚೂರು ಮೇಲೆ.

ಮೊದಲ ಕೆಲವು ಭಾನುವಾರ ಎಲ್ಲ ಚೆನ್ನಾಗಿತ್ತು. ನೀರು ಬಂತು, ಬಸ್ಸು ಹೋಯಿತು, ನನ್ನ ಹೆಸರು ಅಲ್ಕಾ. ನಾನು ಹಿಂದಿನ ಬೆಂಚಿನಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಆಮೇಲೆ ಶೈಲಾ ತನ್ನ ಓದಿನ ಬುದ್ಧಿ ತೆಗೆದಳು. ಕಲಿಯುವವರ ಬದುಕಿನಿಂದಲೇ ಪಾಠ ಹುಟ್ಟಬೇಕಂತೆ, ಹಾಗಂತ ಅವಳ ಪುಸ್ತಕದಲ್ಲಿದೆಯಂತೆ. ಆದ್ದರಿಂದ ಪ್ರತಿಯೊಬ್ಬರೂ ಮನೆಯಲ್ಲಿ ಹೆಚ್ಚಾಗಿ ಕಿವಿಗೆ ಬೀಳುವ, ಆದರೆ ಅರ್ಥವಾಗದ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಬರಬೇಕು. ಇದು ಮನೆಗೆಲಸ.

ಹನ್ಸಾ ಮೊದಲು ಎದ್ದಳು. ವರ್ಷಗಟ್ಟಲೆ ಕೇಳಿದ ಮಾತು, ಒಂದಕ್ಷರ ತಪ್ಪಲಿಲ್ಲ. "ತವರಿಂದ ತಂದದ್ದು ಬರೇ ನಗಿ, ಅದನ್ನೂ ಇಲ್ಲಿ ಯಾರಿಗೂ ತೋರಸೂದಿಲ್ಲ." ಗಂಗಕ್ಕನ ರಾಗವೂ ಅದರಲ್ಲಿ ಹಾಗೇ ಇತ್ತು. ಶೈಲಾ ಅದನ್ನು ಬೋರ್ಡಿನ ಮೇಲೆ ಬರೆದಳು, ಬರೆದು ಮುಗಿಸಿದ ಮೇಲೆ ಓದಿದಳು ಅಂತ ಕಾಣುತ್ತದೆ, ಸುಣ್ಣಕಡ್ಡಿ ಹಿಡಿದ ಕೈ ಅಲ್ಲೇ ನಿಂತಿತು. ಮತ್ಲಬ್ ಕ್ಯಾ ಹೈ ಅಂತ ಹನ್ಸಾ ಕೇಳಿದಳು. ಶೈಲಾ ನನ್ನ ಕಡೆ ನೋಡಿದಳು. ನಾನು ಅಕ್ಕಿಯ ಕಡೆ ನೋಡಿದೆ. ಅವಳು ಅರ್ಥ ಹೇಳಿದಳು, ಹಿಂದಿಯಲ್ಲಿ, ಇದ್ದದ್ದು ಇದ್ದ ಹಾಗೆ.

ಆಮೇಲೆ ಎದ್ದವಳು ಅಲ್ಕಾ. "ಮಗಾ ಕಣ್ಣ ಮುಚ್ಚಿ ಮಾಡಿಕೊಂಡ, ನಾವು ಬಾಯಿ ಮುಚ್ಚಿ ಉಣಬೇಕು." ಇದು ಯಾರ ಮಾತು ಅಂತ ಶೈಲಾಳಿಗೆ ಹೇಳಬೇಕಾಗಿರಲಿಲ್ಲ. ಅದಕ್ಕೂ ಅರ್ಥ ಹೇಳಿದಳು. ಅಲ್ಕಾ ಥ್ಯಾಂಕ್ಯೂ ಅಂದು ಕೂತಳು.

ಮನೆಗೆ ಬಂದು ನಾನು ಶೈಲಾಳನ್ನು ಕೇಳಿದೆ, "ಏನರೆ ಬ್ಯಾರೆ ಅರ್ಥ ಹೇಳಾಕ ಆಗತಿದ್ದಿಲ್ಲೇನು?"

"ಆಯಿ, ಸುಳ್ಳ ಅರ್ಥ ಹೇಳಿದರ ನಾ ಎಂಥಾ ಟೀಚರು?"

"ಖರೇ ಹೇಳಿ ಎಂಥಾ ಟೀಚರ್ ಆದಿ ಈಗ? ಹುಡುಗರಿಲ್ಲದ ಟೀಚರು."

ನಾನು ಹೇಳಿದ್ದು ಸುಳ್ಳಾಗಲಿಲ್ಲ. ಸೋಮವಾರ ಹನ್ಸಾ ನಳದ ಹತ್ತಿರ ಗಂಗಕ್ಕನ ಮುಂದೆ ಹಲ್ಲು ಕಾಣುವ ಹಾಗೆ ನಕ್ಕು, "ನಗಿ ತೋರಿಸೀನಿ, ನೋಡ್ರಿ" ಅಂದಳಂತೆ. ಸಂಜೆಯೊಳಗೆ ಗಣಪತಿ ಖೋಲಿಗೆ ಸುಣ್ಣ ಹೊಡೆಸುವ ಮಾತು ಬಂತು, ಕೀಲಿ ಗಂಗಕ್ಕನ ಸೊಂಟ ಸೇರಿತು. ಸೊಸೆಯಂದಿರಿಗೆಲ್ಲ ಭಾನುವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ಮನೆಯಲ್ಲಿ ಕೆಲಸ ಹೆಚ್ಚಾಯಿತು. ಮೇಡಮ್ಮು ಬರುವುದು ಮಾತ್ರ ಆ ಬರುವ ಭಾನುವಾರವೇ. ಮುಂದೆ ಹಾಕಿದರೆ ಆ ವರ್ಷದ ಸರ್ಟಿಫಿಕೇಟು ಹೋಯಿತು, ಬೆಳಗಾವಿ ಬಂತು.

ನಾನು ಗಂಗಕ್ಕನ ಮನೆಗೆ ಹೋದೆ. ನಿಮ್ಮ ಮೊಮ್ಮಗಳ ಸರ್ಟಿಫಿಕೇಟಿಗೆ ನನ್ನ ಮನೆ ಮುರಿಯಬೇಕೇನು ಅಂತ ಕೇಳಿದಳು. "ಗಂಗಕ್ಕಾ, ಬೈದದ್ದಂತೂ ಅವಕ್ಕ ತಿಳದ ಹೋತು," ಅಂದೆ. "ಈಗ ನಿಲ್ಲಿಸಿದರ ಬೈಗಳ ಅಷ್ಟ ಕಲತು ಕೂಡತಾವ. ಮುಂದ ಏನರೆ ಚಲೋದು ಕಲಿಯಲಿ." ಗಂಗಕ್ಕ ಕೀಲಿ ಕೊಡಲಿಲ್ಲ. ಕುಂಕುಮ ಕೊಟ್ಟು ಕಳಿಸಿದಳು.

ಕ್ಲಾಸು ನಮ್ಮ ಖೋಲಿಯಲ್ಲೇ ಮಾಡಬಹುದಿತ್ತು. ಆದರೆ ಸೊಸೆಯಂದಿರನ್ನು ಕರೆತರುವವರು ಯಾರು? ನಾನು ಕರೆದರೆ ಒಬ್ಬಳೂ ಬರುತ್ತಿರಲಿಲ್ಲ. ಅವರು ಬರುವುದಿದ್ದರೆ ಅಲ್ಕಾ ಕರೆದರೆ ಮಾತ್ರ. ಅಲ್ಕಾ ಆ ವಾರವೆಲ್ಲ ನನ್ನ ತಾಟಿಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ. ಶನಿವಾರ ಶೈಲಾ ಟ್ರಂಕು ತೆಗೆದು ಸೀರೆ ಮಡಚತೊಡಗಿದಳು. ಅದನ್ನು ನೋಡಿ ಅಲ್ಕಾ ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಮೂರೂ ಮಾಳಿಗೆ ಸುತ್ತಿ ಬಂದು ನನಗೆ ಮರಾಠಿಯಲ್ಲಿ ಹೇಳಿದಳು: ನಾಳೆ ಎಲ್ಲರೂ ಬರುತ್ತಾರೆ, ಶೈಲಾಳಿಗಾಗಿ ಕರೆದಿದ್ದೇನೆ, ನಿಮಗಾಗಿ ಅಲ್ಲ. ಸರಿ ಅಂದೆ. ನನಗಾಗಿ ಅಂದಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೇಡಮ್ಮು ನಮ್ಮ ಕಬ್ಬಿಣದ ಮಂಚದ ಮೇಲೆ ಕೂತರು. ಆರು ಮಂದಿ ನೆಲದ ಮೇಲೆ. ಬೋರ್ಡು ಇರಲಿಲ್ಲ, ಗೋಡೆಯ ಕಪಾಟಿನ ಕರಿ ಬಾಗಿಲೇ ಬೋರ್ಡು ಆಯಿತು. ಅವತ್ತಿನ ಪಾಠ, ಮಾತಿಗೆ ಉತ್ತರ ಕೊಡುವುದು. ಶೈಲಾ ತಾನೇ ಅತ್ತೆಯಾಗಿ ಏನೋ ಕೇಳಿದಳು. ಹೊಸಬರ ಮುಂದೆ ಹುಡುಗಿಯರು ಕಲಿತದ್ದೆಲ್ಲ ನುಂಗಿ ಕೂತಿದ್ದರು. ಮೇಡಮ್ಮು ಗಡಿಯಾರ ನೋಡಿದರು. ಶೈಲಾಳ ಮುಖದಲ್ಲಿ ಬೆಳಗಾವಿ ಕಾಣಿಸಿತು.

ಆಗ ಅವಳು ನನ್ನ ಕಡೆ ತಿರುಗಿ, "ಆಯಿ, ಮುಂದ ಬಂದು ಕೂಡು. ನಿನ್ನ ಮಾತ ನೀನ ಹೇಳು," ಅಂದಳು.

ಯಾವ ಮಾತು ಅಂತ ನಾನು ಕೇಳಲಿಲ್ಲ. ಅಲ್ಕಾಳ ಎದುರಿಗೆ ಕೂತೆ. ಈ ಸಲ ಅವಳನ್ನು ನೋಡಿಯೇ ಹೇಳಿದೆ. "ಮಗಾ ಕಣ್ಣ ಮುಚ್ಚಿ ಮಾಡಿಕೊಂಡ, ನಾವು ಬಾಯಿ ಮುಚ್ಚಿ ಉಣಬೇಕು." ಮುಖದ ಮೇಲೆ ಹೇಳಿದಾಗ ಅದು ಅಷ್ಟು ಚಂದದ ಮಾತು ಅನ್ನಿಸಲಿಲ್ಲ.

ಅಲ್ಕಾ ಒಂದೊಂದೇ ಶಬ್ದ ಹೆಕ್ಕಿ ಇಟ್ಟಳು. "ಬಾಯಿ ಮುಚ್ಚಿ ಉಣ್ಣಾಕ ಬರೂದಿಲ್ಲ ಆಯಿ. ಬಾಯಿ ತೆರೀಬೇಕು. ಉಣ್ಣಾಕಷ್ಟ."

ಮೊದಲು ನಕ್ಕವರು ಮೇಡಮ್ಮು. ಆಮೇಲೆ ಹನ್ಸಾ, ಆಮೇಲೆ ಎಲ್ಲರೂ. ಆ ನಗೆಯಲ್ಲಿ ಹುಡುಗಿಯರ ಬಾಯಿ ಬಿಚ್ಚಿತು. ಒಬ್ಬರಾದ ಮೇಲೆ ಒಬ್ಬರು ಉತ್ತರ ಕೊಡಲು ಶುರುಮಾಡಿದರು, ಮಧ್ಯಾಹ್ನವಿಡೀ ನಾನು ಆರು ಸೊಸೆಯರ ಅತ್ತೆಯಾಗಿ ಕೂತು ಬೈಸಿಕೊಂಡೆ. ಈ ಉತ್ತರಗಳು ನೀವು ಹೇಳಿಕೊಟ್ಟವೋ ಅಂತ ಮೇಡಮ್ಮು ಶೈಲಾಳನ್ನು ಕೇಳಿದರು. ಇಲ್ಲ, ಅವರದೇ ಅಂದಳು. ಹಾಗಾದರೆ ಕಲಿಸಿದ್ದೀರಿ ಅಂದರು. ಆ ಮಾತಿನ ಮೇಲೆ ಅಂಧೇರಿ ಬಂತು. ಬೆಳಗಾವಿಯವರು ಬೇರೆ ಕಡೆ ನೋಡಿಕೊಂಡರು.

ಮರುದಿನ ಬೆಳಿಗ್ಗೆ ಅಲ್ಕಾ ಚಹಾ ತಂದಿಟ್ಟಳು. ನೀರಾಗಿತ್ತು. ಗಂಗಕ್ಕ ಬಾಗಿಲಲ್ಲೇ ಕೊಡ ಹಿಡಿದು ನಿಂತಿದ್ದಳು, ಎಂದಿನಂತೆ ಅವಳಿಗೆ ಹೇಳಬಹುದಿತ್ತು. ನಾನು ಚಹಾದ ಕಪ್ಪು ಬಸಿ ಎತ್ತಿಕೊಂಡು ಒಲೆಯ ತನಕ ಹೋಗಿ, "ಅಲ್ಕಾ, ಚಹಾ ನೀರ ಆಗೇದ," ಅಂದೆ. ಅವಳು ನನ್ನನ್ನೊಮ್ಮೆ ನೋಡಿ, ಬಸಿ ಇಸಿದುಕೊಂಡು, ಒಲೆಯ ಮೇಲಿನ ಚಹಾದ ಪಾತೇಲಿಗೆ ಇನ್ನೊಂದು ಚಮಚೆ ಪುಡಿ ಹಾಕಿದಳು.