ಕಾರ್ಡಿನ ಹಿಂಬದಿಯಲ್ಲಿ ಸಿಕ್ಕ ಕರಿಯಮ್ಮ

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಮುಖ್ಯ ಗ್ರಂಥಪಾಲಕಿ. ಹನ್ನೊಂದು ಡ್ರಾಯರ್ ಕ್ಯಾಟಲಾಗ್ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಿದವಳು ಎಂಬ ಜಂಬ ನನಗೆ ಸಾಕಷ್ಟಿತ್ತು. ಅದನ್ನು ಇಳಿಸಿದವರು ಹಿರಿಯೂರು ಕಡೆಯ ಹಟ್ಟಿಯೊಂದರಿಂದ ಬೆಳಗಿನ ಬಸ್ಸಿಗೆ ಬಂದ ತಾಯಿ ಮಗಳು.

ತಾಯಿ ಕರಿಯಮ್ಮನವರಿಗೆ ಎಂಬತ್ತರ ಹತ್ತಿರ. ಕುರಿ ಕಾಯುವ ಮನೆತನ. ಮಗಳು ಈರಮ್ಮ ಅಂಗನವಾಡಿ ಕಾರ್ಯಕರ್ತೆ. ಕರಿಯಮ್ಮ ಹಾಡಿದ ಕಥನಗೀತೆಯೊಂದು ಬಹಳ ಹಿಂದೆಯೇ ಪುಸ್ತಕವಾಗಿತ್ತು. ಅದರಲ್ಲಿ ಸಂಪಾದಕರ ಹೆಸರಿತ್ತೇ ಹೊರತು ಹಾಡಿದವರದ್ದಿರಲಿಲ್ಲ. ಈಗ ಅದು ಮರುಮುದ್ರಣವಾಗುತ್ತಿತ್ತು. ಒಂದು ವಾರದೊಳಗೆ ಲಿಖಿತ ಆಧಾರ ಕೊಟ್ಟರೆ ಹೆಸರು ಸೇರಿಸುವುದಾಗಿ ಪ್ರಕಾಶಕರು ಹೇಳಿದ್ದರು.

“ನಿಮ್ ಲೈಬ್ರರಿಯೋರೇ ಟೇಪ್ ತಂದು ಹಾಡಿಸ್ಕಂಡು ಹೋಗಿದ್ರಂತೆ. ಏನಾರ ಐತಾ ನೋಡ್ರಿ ಮೇಡಂ. ನಮ್ಮವ್ವ ಇರೋವಾಗ್ಲೇ ಅವಳ ಹೆಸರು ಅಚ್ಚಾಗ್ಬೇಕು,” ಎಂದರು ಈರಮ್ಮ.

ಕಂಪ್ಯೂಟರಿನಲ್ಲಿ ಹುಡುಕಿದೆ. ಶೀರ್ಷಿಕೆ, ಸಂಪಾದಕರು, ಪುಟ, ಅಷ್ಟೇ. ಟೇಪ್ ಎಂದ ಕೂಡಲೇ ನನಗೆ ಕೆಲಸ ಕಲಿಸಿದ ತಿಪ್ಪೇಸ್ವಾಮಿ ಸರ್ ನೆನಪಾದರು. ಹಟ್ಟಿ ಹಟ್ಟಿಗೆ ಟೇಪ್ ರೆಕಾರ್ಡರ್ ಹೊತ್ತು ಹೋಗುತ್ತಿದ್ದವರು ಅವರೇ.

ಸುಮಾರು ನೂರು ವರ್ಷದ ಹಿಂದೆ ಯುರೋಪಿನಲ್ಲಿ ಡಾಕ್ಯುಮೆಂಟೇಶನ್ ಎಂಬ ಶಾಸ್ತ್ರ ಕಟ್ಟಿದವರ ವಿಚಾರಗಳೆಂದರೆ ಸರ್‌ಗೆ ಪ್ರಾಣ. ಪುಸ್ತಕ ಬರೀ ಪಾತ್ರೆ, ಒಳಗಿನ ವಿಷಯವನ್ನು ಬಿಡಿಸಿ ಒಂದಕ್ಕೊಂದು ಕೊಂಡಿ ಹಾಕಬೇಕು. ಸಾಕ್ಷಿಯಾಗಿ ಉಳಿಸಿಕೊಂಡದ್ದೆಲ್ಲ ದಾಖಲೆಯೇ, ಮೃಗಾಲಯದ ಪ್ರಾಣಿ ಕೂಡ ಎನ್ನುತ್ತಿದ್ದರು. ಕಾರ್ಡಿನ ಮುಂದೆ ನಿಯಮದಂತೆ ಬರೆದು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಆ ಕೊಂಡಿಗಳನ್ನು, ಅಂದರೆ ಯಾರು ಹೇಳಿದ್ದು, ಯಾವ ಟೇಪು ಎಂಬುದನ್ನೆಲ್ಲ, ಬರೆಯುವುದು ಅವರ ಪದ್ಧತಿ. ಯುರೋಪಿನ ಮಾತು ನಮ್ಮ ದುರ್ಗಕ್ಕೇನು ಎಂದು ನಾವು ಒಳಗೊಳಗೇ ನಗುತ್ತಿದ್ದೆವು. ಕಂಪ್ಯೂಟರಿಗೆ ಏರಿಸುವಾಗ ‘ಮುಂಭಾಗ ಸಾಕು’ ಎಂದು ಆದೇಶ ಕೊಟ್ಟವಳು ನಾನೇ. ಅಂತಿಂಥ ಎಡವಟ್ಟಲ್ಲ ಅದು.

ಆದರೂ ಅದೃಷ್ಟ ನೋಡಿ. ಹಿಂಬದಿ ಖಾಲಿಯಿದ್ದ ಕಾರ್ಡುಗಳನ್ನು ಚೀಟಿ ಬರೆಯಲು ಬಳಸಿ ಮುಗಿಸಿದ್ದೆವು. ಪೆನ್ಸಿಲ್ ಬರಹವಿದ್ದವು ಯಾವುದಕ್ಕೂ ಬಾರವೆಂದು ಚೀಲದಲ್ಲಿ ಬಿದ್ದಿದ್ದವು. ಎರಡು ದಿನ ನೆಲದ ಮೇಲೆ ಕೂತು ಒಂದೊಂದನ್ನೂ ತಿರುವಿದೆ. ಮೂರನೆಯ ದಿನ ಸಿಕ್ಕಿತು: ‘ಹಾಡಿದವರು ಕರಿಯಮ್ಮ. ಕ್ಯಾಸೆಟ್ 14. ನೋಟ್‌ಬುಕ್ 3, ಪುಟ 22.’ ನಾಚಿಕೆ ಬಿಟ್ಟು ಅತ್ತೆ. ಕಪಾಟಿನಲ್ಲಿದ್ದ ಕ್ಯಾಸೆಟ್ ಹಾಕಿದರೆ, ಹಾಡಿಗೆ ಮೊದಲು ಕರಿಯಮ್ಮನವರೇ ತಮ್ಮ ಹೆಸರು, ಹಟ್ಟಿ ಎಲ್ಲ ಹೇಳಿದ್ದರು. ಅಂದೇ ಪ್ರಕಾಶಕರಿಗೆ ಕಾರ್ಡಿನ ನಕಲು ಮತ್ತು ಧ್ವನಿಯ ಪ್ರತಿ ಕಳಿಸಿದೆ.

ಆಮೇಲೆ ಕಂಪ್ಯೂಟರಿನಲ್ಲಿದ್ದ ಆ ಪುಸ್ತಕದ ದಾಖಲೆಯನ್ನೇ ಬಿಚ್ಚಿ ಕಟ್ಟಿದೆ. ಗ್ರಂಥಾಲಯಗಳು ಮಾಹಿತಿ ಜೋಡಿಸುವ ಈಗಿನ ಡೇಟಾ ಮಾಡೆಲ್ ಅಚ್ಚಾದ ಪುಸ್ತಕದಿಂದ ಶುರುವಾಗುವುದಿಲ್ಲ, ಅದರ ಮೂಲ ರಚನೆಯಿಂದ ಶುರುವಾಗುತ್ತದೆ. ಆ ಹಾಡು ‘ವರ್ಕ್’. ಕರಿಯಮ್ಮ ಹಾಡಿದ ರೂಪ ‘ಎಕ್ಸ್‌ಪ್ರೆಶನ್’. ಅಚ್ಚಾದ ಆವೃತ್ತಿ ‘ಮ್ಯಾನಿಫೆಸ್ಟೇಶನ್’. ನಮ್ಮ ಕಪಾಟಿನ ಪ್ರತಿ ‘ಐಟಂ’. ಪ್ರತಿಯೊಂದಕ್ಕೂ ಸಂಬಂಧಪಟ್ಟ ಮನುಷ್ಯರನ್ನು ಜೋಡಿಸಬಹುದು. ಸರ್ ಪೆನ್ಸಿಲಿನಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ! ಹೊಸದೆಂದು ನಾವು ತರಬೇತಿಗೆ ಹೋಗಿ ಕಲಿತದ್ದು ನಮ್ಮ ಡ್ರಾಯರಿನಲ್ಲೇ ಇತ್ತು.

ವಾರ ಮುಗಿಯುವುದರೊಳಗೆ ತಾಯಿ ಮಗಳನ್ನು ಕರೆಸಿ, ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿದೆ. ಈರಮ್ಮ ಕಣ್ಣೊರೆಸಿಕೊಂಡರು. ಕರಿಯಮ್ಮ ಮಾತ್ರ ತಲೆ ಅಲ್ಲಾಡಿಸಿದರು.

“ಹಾಡಿದ್ದು ನಾನೇ ಕಣವ್ವ. ಕಲ್ಸಿದ್ದು ನಮ್ಮತ್ತೆ ಗೌರಮ್ಮ. ಅವಳನ್ನ ಬಿಟ್ಟು ನನ್ನೊಬ್ಬಳನ್ನೇ ಹಾಕಿದ್ರೆ, ಆ ಪುಸ್ತಕದೋರು ಮಾಡಿದ್ದನ್ನೇ ನಾನೂ ಮಾಡ್ದಂಗಾಯ್ತು.”

ಇಷ್ಟು ವರ್ಷದ ಸರ್ವೀಸಿನಲ್ಲಿ ಯಾವ ತರಬೇತಿಯಲ್ಲೂ ಇಂಥ ಮಾತು ಕೇಳಿರಲಿಲ್ಲ. ಕುರ್ಚಿ ಎಳೆದುಕೊಂಡು, “ನಿಮ್ಮತ್ತೆಯೋರ ತವರು ಯಾವೂರು ಹೇಳ್ರಿ,” ಎಂದೆ. ಆಕೆ ಹೇಳುತ್ತ ಹೋದರು, ನಾನು ಸೇರಿಸುತ್ತ ಹೋದೆ. ಅದನ್ನೂ ಅಂದೇ ಪ್ರಕಾಶಕರಿಗೆ ಬರೆದು ಕಳಿಸಿದೆ.

ಮರುಮುದ್ರಣದಲ್ಲಿ ಇಬ್ಬರ ಹೆಸರೂ ಬಂತು. ಪುಸ್ತಕ ಸಿಗುವಂತೆ ಮಾಡುವುದು ನಮ್ಮ ಕೆಲಸದ ಅರ್ಧ. ಅದರ ಹಿಂದಿರುವ ಜನ ಸಿಗುವಂತೆ ಮಾಡುವುದು ಉಳಿದರ್ಧ. ಇಂದು ನಮ್ಮ ಕಂಪ್ಯೂಟರಿನಲ್ಲಿ ಯಾರೇ ಕರಿಯಮ್ಮನವರನ್ನು ಹುಡುಕಲಿ, ಜೊತೆಗೆ ಅವರ ಅತ್ತೆಯೂ ಸಿಗುತ್ತಾರೆ. ಅವರಿಬ್ಬರನ್ನು ಜೋಡಿಸುವ ಆ ಸಾಲು ಟೈಪ್ ಮಾಡಿದವಳು ನಾನು.